ಗಾಳಿಯನ್ನೆಲ್ಲ ಗೆದ್ದ ಕ್ಯಾಸಿನೊ

ನಮ್ಮೂರಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಕುದುರೆ ಗಾಡಿಗಳು ಓಡಿದರೆ ಬೀಸುತ್ತದೆ, ಓಡದಿದ್ದರೆ ಇಲ್ಲ. ಯಾಕೆ ಎಂದು ಕೇಳುವವರು ತಮ್ಮ ಊರಿನಲ್ಲಿ ಗಾಳಿ ಯಾಕೆ ಬೀಸುತ್ತದೆ ಎಂದು ಮೊದಲು ನನಗೆ ಹೇಳಲಿ. ಹೊರಗಿನಿಂದ ಬಂದವರು ಒಣಗಿದ ಕೆರೆಯಂಗಳದಲ್ಲಿರುವ ಓಟದ ಹಾದಿಯನ್ನೂ ಅದರ ಪಕ್ಕದ ಮಾಡಿಲ್ಲದ ದೊಡ್ಡ ಕಟ್ಟಡವನ್ನೂ ನೋಡಿ, ಇಲ್ಲೇನಾಗಿತ್ತು ಎಂದು ವಿಚಾರಿಸುತ್ತಾರೆ. ಟೀ ಅಂಗಡಿಯವನು ಒಂದು ಕಥೆ ಹೇಳುತ್ತಾನೆ, ಬಸ್ಸಿನ ಕಂಡಕ್ಟರ್ ಇನ್ನೊಂದು. ಎರಡೂ ಸುಳ್ಳು. ಅವತ್ತು ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದವಳು ನಾನು, ಚೆನ್ನಾಜಮ್ಮ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನಡುವೆ ಯಾರೂ ಬಾಯಿ ಹಾಕಬೇಡಿ.

ಮೊದಲ ಓಟ ಹೇಗೆ ಶುರುವಾಯಿತು ಎನ್ನುವುದು ನನಗೂ ಸರಿಯಾಗಿ ಗೊತ್ತಿಲ್ಲ. ಚಿಕ್ಕವಳಿದ್ದಾಗಿನಿಂದ ಕಂಡಕಂಡವರನ್ನೆಲ್ಲ ಕೇಳಿದ್ದೇನೆ. ಜಟಕಾದವನೊಬ್ಬನ ಕುದುರೆ ಗಾಡಿಯ ಸಮೇತ ಬೆದರಿ ಕೆರೆಯಂಗಳದಲ್ಲಿ ಸುತ್ತು ಹಾಕಿತಂತೆ, ದಂಡೆಯ ಮೇಲೆ ನಿಂತಿದ್ದ ಹೆಂಗಸರ ಸೆರಗು ಅಲುಗಾಡಿತಂತೆ. ಅಲ್ಲಿಯವರೆಗೆ ನಮ್ಮೂರಲ್ಲಿ ಸೆರಗು ಅಲುಗಾಡಿದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ಹೆದರಿ ಕಿರುಚಿದರಂತೆ. ಮರುದಿನ ಅದೇ ಹೆಂಗಸರು ಒದ್ದೆ ಬಟ್ಟೆ ಹೊತ್ತುಕೊಂಡು ಹೋಗಿ, ‘ಇನ್ನೊಂದು ಸುತ್ತು ಓಡಿಸಪ್ಪ’ ಎಂದು ಜಟಕಾದವನನ್ನು ಪೀಡಿಸಿದರಂತೆ. ಇದು ನಿಜವಿರಬೇಕು. ನಮ್ಮೂರ ಹೆಂಗಸರು ಹಾಗೆಯೇ.

ಆಮೇಲೆ ಒಂದೊಂದು ಬೀದಿಯೂ ಒಂದೊಂದು ಗಾಡಿ ಕಟ್ಟಿತು. ಹಗುರವಾದ ಎರಡು ಚಕ್ರ, ಕೂರಲು ಒಂದು ಹಲಗೆ, ಮುಂದೆ ಕುದುರೆ. ವಾರಕ್ಕೊಂದು ಓಟ. ಗೆದ್ದ ಬೀದಿಗೆ ಗಾಳಿಯ ದೊಡ್ಡ ಪಾಲು, ಎರಡನೆಯವರಿಗೆ ಅದಕ್ಕಿಂತ ಕಡಿಮೆ, ಹೀಗೆ ಇಳಿಯುತ್ತ ಕೊನೆಯವರಿಗೆ ದೀಪ ಆರುವಷ್ಟು. ಹೆಣ್ಣು ನೋಡಲು ಬಂದವರು ಚಿನ್ನದ ಮಾತಿಗೆ ಮೊದಲು ‘ನಿಮ್ಮ ಬೀದಿಗೆ ಎಷ್ಟನೇ ಪಾಲು’ ಎಂದು ಕೇಳುತ್ತಿದ್ದರು. ಬಣ್ಣಗಾರರ ಬೀದಿ ಸೋತ ವಾರ ಊರಿಗೆಲ್ಲ ಒದ್ದೆ ಸೀರೆಯ ವಾಸನೆ. ಕಮ್ಮಾರರ ಬೀದಿ ಸೋತರೆ ಅವರ ತಿದಿ ಬಾಯಿ ತೆರೆದು ಮುಚ್ಚುತ್ತಿತ್ತೇ ಹೊರತು ಒಲೆಗೆ ಉಸಿರು ಕೊಡುತ್ತಿರಲಿಲ್ಲ. ಕರೆಂಟು ಬಂದಾಗ ಕೆಲವರು ಸೀಲಿಂಗ್ ಫ್ಯಾನ್ ತಂದು ಹಾಕಿಸಿದರು. ಫ್ಯಾನು ಚೆನ್ನಾಗಿ ತಿರುಗಿತು. ಅವರು ಅದರ ಕೆಳಗೆ ಬೆವರುತ್ತ ಕೂತರು.

ಓಟಕ್ಕೆ ಇದ್ದದ್ದು ಒಂದೇ ಕಟ್ಟಳೆ. ಕುದುರೆ ಕುಕ್ಕುಲೋಟದಲ್ಲೇ ಓಡಬೇಕು. ಅಂದರೆ ಮುಂದಿನ ಎಡಗಾಲು ಹಿಂದಿನ ಬಲಗಾಲು ಜೊತೆಯಾಗಿ, ಮತ್ತೆ ಮುಂದಿನ ಬಲಗಾಲು ಹಿಂದಿನ ಎಡಗಾಲು ಜೊತೆಯಾಗಿ, ಟಕ್ ಟಕ್ ಎಂದು ಕುಕ್ಕುತ್ತ. ನಾಲ್ಕೂ ಕಾಲು ಎತ್ತಿ ನಾಗಾಲೋಟಕ್ಕೆ ಬಿತ್ತೋ, ತಿರುವಿನಲ್ಲಿ ಕೆಂಪು ಬಾವುಟ ಏಳುತ್ತದೆ. ಆಗ ಗಾಡಿಯವನು ಲಗಾಮು ಜಗ್ಗಿ ಕುದುರೆಯನ್ನು ಮತ್ತೆ ಕುಕ್ಕುಲೋಟಕ್ಕೆ ತರಬೇಕು. ಅಷ್ಟರಲ್ಲಿ ಹಿಂದಿನವರು ಮುಂದೆ ಹೋಗಿರುತ್ತಾರೆ. ಬಾವುಟ ಎದ್ದ ಮೇಲೂ ನಾಗಾಲೋಟದಲ್ಲೇ ಗೆಲ್ಲುವ ಕಂಬ ದಾಟಿದರೆ ಅದು ಲೆಕ್ಕಕ್ಕಿಲ್ಲ. ಕುಕ್ಕುಲೋಟದ ಗಾಳಿ ಬಟ್ಟೆ ಒಣಗಿಸುವ ಗಾಳಿ. ನಾಗಾಲೋಟದ ಗಾಳಿ ಹೆಂಚು ಹಾರಿಸುವ ಗಾಳಿ. ಅದಕ್ಕೇ ಓಟ ಮುಗಿದ ಕೂಡಲೇ ಬೀದಿಬೀದಿಯಲ್ಲಿ ಮನೆಯೊಳಗಿದ್ದವರು ‘ಕುಕ್ಕೋ, ನಾಗಾಲೋ?’ ಎಂದು ಕೂಗಿ ಕೇಳುತ್ತಿದ್ದರು. ಕುಕ್ಕು ಎಂದರೆ ಬಾಗಿಲು ಪೂರ್ತಿ ತೆಗೆಯುವುದು. ನಾಗಾಲು ಎಂದರೆ ಅಗುಳಿ ಹಾಕಿ ಮಕ್ಕಳನ್ನು ಒಳಗೆ ಎಳೆದುಕೊಳ್ಳುವುದು. ನಮ್ಮಪ್ಪನಿಗಿಂತ ಮುಂಚೆ ಬಾವುಟ ಹಿಡಿಯುತ್ತಿದ್ದವನು ಒಂದು ಸಲ ನೆಂಟನ ಕುದುರೆಯೆಂದು ಬೇರೆ ಕಡೆ ನೋಡಿದ. ಅವತ್ತು ಶಾಲೆಯ ಮಾಡು ಎದ್ದು ಹೋಯಿತು. ಅದನ್ನು ಮತ್ತೆ ಯಾರೂ ಹಾಕಿಸಲಿಲ್ಲ. ನಾನು ಓದಿದ್ದೆಲ್ಲ ಆ ಬೋಳು ಗೋಡೆಗಳ ನಡುವೆ, ತಲೆಯ ಮೇಲೆ ಬಿಸಿಲು ಹೊತ್ತುಕೊಂಡು. ನನ್ನ ಸಿಟ್ಟು ಅಲ್ಲಿಂದಲೇ ಬಂದದ್ದು ಎಂದು ನನ್ನ ಗಂಡ ಹೇಳುತ್ತಾನೆ.

ಅಪ್ಪನ ನಂತರ ಬಾವುಟ ನನ್ನ ಕೈಗೆ ಬಂತು. ಹೆಂಗಸಿಗೆ ಯಾಕೆ ಎಂದು ಒಬ್ಬಿಬ್ಬರು ಗೊಣಗಿದರು. ಅವರ ಎದುರಿಗೆ ಹೋಗಿ ನಿಂತು, ಇನ್ನೊಮ್ಮೆ ಹೇಳಿ ಎಂದೆ. ಹೇಳಲಿಲ್ಲ.

ವಜ್ರಪ್ಪ ಸಾಹುಕಾರ ಈ ಓಟ ನೋಡಲು ಎಲ್ಲಿಂದಲೋ ಬಂದವನು. ನೋಡಿ ಹೋಗಲಿಲ್ಲ. ದಂಡೆಯ ಮೇಲೆ ಒಂದು ಜಮಖಾನ ಹಾಸಿ ಇಸ್ಪೀಟು ಆಡಿಸತೊಡಗಿದ. ಗಾಡಿಗಳು ತಿರುವಿಗೆ ಬಂದಾಗಲೆಲ್ಲ ಎಲೆಗಳು ಹಾರಿಹೋಗುತ್ತಿದ್ದವು, ಆಟಗಾರರು ಅವುಗಳ ಹಿಂದೆ ಓಡುತ್ತಿದ್ದರು. ಇದಕ್ಕೆ ಬೇಸತ್ತು ಅವನು ಕಟ್ಟಡ ಕಟ್ಟಿಸಿದ. ದಪ್ಪ ಗೋಡೆ, ಒಂದೂ ಕಿಟಕಿಯಿಲ್ಲ, ಒಳಗೆ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ನಂಬರು ಬರೆದ ತಿರುಗುವ ಚಕ್ರ, ಬಣ್ಣಬಣ್ಣದ ಬಿಲ್ಲೆಗಳು. ಬಾಗಿಲ ಮೇಲೆ ಕ್ಯಾಸಿನೊ ಎಂದು ಬರೆಸಿದ. ಅಲ್ಲಿ ಪಣಕ್ಕೆ ಇಡಬೇಕಾದದ್ದು ದುಡ್ಡಲ್ಲ. ದುಡ್ಡು ಅವನಿಗೆ ಬೇರೆ ಊರಲ್ಲೂ ಸಿಗುತ್ತಿತ್ತು. ಇಲ್ಲಿ ಪಣ ಗಾಳಿಯ ಪಾಲು, ಅದೂ ಒಂದು ವಾರದ್ದಲ್ಲ, ಬೀದಿಗೆ ಇನ್ನು ಮುಂದೆ ಬರುವ ಅಷ್ಟೂ.

ನನಗೆ ಇವತ್ತಿಗೂ ಅರ್ಥವಾಗದ ಸಂಗತಿಯೆಂದರೆ, ಮನೆಯಲ್ಲಿ ಗಾಳಿ ಬೀಸುತ್ತಿರುವಾಗ ಗಂಡಸರು ಆ ಉಸಿರಾಡದ ಗೂಡಿನಲ್ಲಿ ಹೋಗಿ ಕೂರುತ್ತಿದ್ದುದು. ಒಂದು ದಿನ ನೋಡಲೆಂದೇ ಹೋದೆ. ಅಂಗಿ ಬೆನ್ನಿಗೆ ಅಂಟಿತ್ತು, ಮುಖದಲ್ಲಿ ನೀರಿಳಿಯುತ್ತಿತ್ತು, ಕಣ್ಣು ಮಾತ್ರ ಎಲೆಯ ಮೇಲೆ. ಬಣ್ಣಗಾರರ ಗಾಡಿಯವನು ತನ್ನ ಬೀದಿಯ ಪಾಲು ಸೋತು, ನಗುತ್ತ ಎದ್ದ. ‘ಮುಂದಿನ ವಾರ ವಾಪಸ್ ತಗೋತೀನಿ’ ಎಂದ. ಪಾಲು ಗಾಡಿಯವನ ಹೆಸರಿನಲ್ಲೇ ಇರುವುದು ನಮ್ಮ ಪದ್ಧತಿ, ಬೀದಿಯವರನ್ನು ಕೇಳಬೇಕಾಗಿರಲಿಲ್ಲ. ಮುಂದಿನ ವಾರ ಕಮ್ಮಾರರದ್ದು ಹೋಯಿತು. ಪಾಲು ಕಳೆದುಕೊಂಡ ಬೀದಿ ಕುದುರೆಯನ್ನು ಯಾಕೆ ಸಾಕುತ್ತದೆ? ಮಾರಿದರು. ಒಂದೊಂದೇ ಲಾಯ ಖಾಲಿಯಾಯಿತು. ಕೊನೆಗೆ ಉಳಿದದ್ದು ನಮ್ಮ ಹಪ್ಪಳದ ಬೀದಿಯ ಹೊನ್ನಿ. ಒಂದು ಕಣ್ಣಿಗೆ ಪೊರೆ ಬಂದಿದ್ದ ಆ ಮುದಿ ಕುದುರೆಯನ್ನು ಕೊಳ್ಳುವವರಿರಲಿಲ್ಲ. ಅದರ ಗಾಡಿ ಓಡಿಸುತ್ತಿದ್ದವನು ನನ್ನ ಗಂಡ ತೋಪಯ್ಯ.

ನನ್ನ ಅತ್ತೆಗೆ ಉಬ್ಬಸ. ಗಾಳಿ ಬರುವ ಹೊತ್ತಿಗೆ ಹೊಸ್ತಿಲಿನ ಮೇಲೆ ಬಂದು ಕೂತು, ಬಾಯಿ ತೆರೆದು, ಒಳಗೆ ತುಂಬಿಕೊಳ್ಳುತ್ತಿದ್ದಳು. ಒಂದು ಸಂಜೆ ನಾನು ಹಪ್ಪಳ ಲಟ್ಟಿಸುತ್ತಿದ್ದೆ. ತೋಪಯ್ಯ ಹಿತ್ತಲ ಬಾಗಿಲಿನಿಂದ ಬಂದು ಕಂಬಕ್ಕೆ ಒರಗಿ ನಿಂತ.

‘ಅವ್ವ ಎಲ್ಲಿ?’

‘ಹೊಸ್ತಿಲಲ್ಲಿ ಕೂತವ್ಳೆ. ಗಾಳಿ ಬರೋ ಹೊತ್ತಾಯ್ತಲ್ಲ.’

‘ಬರಾಕಿಲ್ಲ ಬುಡು.’

‘ಏನು ಬರಾಕಿಲ್ಲ?’

‘ಗಾಳಿ. ಇಟ್ಬುಟ್ಟೆ ಕಣೆ. ಎಲೆ ಅಷ್ಟು ಚೆನ್ನಾಗಿ ಬಿದ್ದಿತ್ತು. ನೀನೇ ಆಗಿದ್ರೂ ಇಡ್ತಿದ್ದೆ.’

ನಾನು ಲಟ್ಟಣಿಗೆ ಬೀಸಿದೆ. ಅವನು ಬಗ್ಗಿದ. ಬಾಗಿಲ ಚೌಕಟ್ಟಿಗೆ ತಗುಲಿದ ಗುರುತು ಈಗಲೂ ಇದೆ. ಹೊಸ್ತಿಲಿನಿಂದ ಅತ್ತೆ, ‘ಯಾಕ್ರೇ ಇವತ್ತು ಇಷ್ಟು ತಡ?’ ಎಂದಳು.

ಹಪ್ಪಳಕ್ಕೆ ಬೂಷ್ಟು ಬಂತು. ಒಲೆಯ ಹೊಗೆ ಎದ್ದಲ್ಲೇ ನಿಂತು, ಬೀದಿಯಲ್ಲಿ ನಾವು ಅದನ್ನು ಕೈಯಿಂದ ಸರಿಸಿಕೊಂಡು ನಡೆಯಬೇಕಾಯಿತು. ಅತ್ತೆ ರಾತ್ರಿಯೆಲ್ಲ ಗೋಡೆಗೆ ಆತು ಕೂತಿರುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೇಸಿಗೆ ಇನ್ನೂ ಮುಂದಿತ್ತು. ಆ ಬೇಸಿಗೆಯನ್ನು ಅವಳು ದಾಟುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ.

ಆದರೆ ವಜ್ರಪ್ಪನೂ ಸುಖವಾಗಿರಲಿಲ್ಲ. ಇದನ್ನು ಅವನು ಲೆಕ್ಕ ಹಾಕಿರಲಿಲ್ಲ. ಗಾಳಿ ಗೆದ್ದವನ ಕಡೆಗೇ ಹೋಗುವುದು ನಮ್ಮೂರ ರೀತಿ. ಊರಿನ ಅಷ್ಟೂ ಪಾಲು ಒಬ್ಬನದಾದ ಮೇಲೆ, ಹಂಚಿಹೋಗಿ ಆರಲು ದಾರಿಯಿಲ್ಲದೆ, ಓಟವಿಲ್ಲದಿದ್ದರೂ ಅಷ್ಟೂ ಗಾಳಿ ಅವನ ಬೆನ್ನು ಹತ್ತಿತು. ಕ್ಯಾಸಿನೊದ ಬಾಗಿಲು ಒದ್ದುಕೊಂಡು ಒಳಗೆ ನುಗ್ಗಿತು. ಮೇಜಿನ ಮೇಲೆ ಒಂದು ಎಲೆ ನಿಲ್ಲಲಿಲ್ಲ. ನಂಬರಿನ ಚಕ್ರ ಹಗಲೂ ರಾತ್ರಿ ತಿರುಗಿತು, ನಿಲ್ಲಲೇ ಇಲ್ಲ. ಬಿಲ್ಲೆಗಳು ಗೋಡೆಯಿಂದ ಗೋಡೆಗೆ ಉರುಳಿದವು. ಆಟಗಾರರು ಎದ್ದು ಮನೆಗೆ ಬಂದು, ಗಾಳಿಯಿಲ್ಲದ ಬೀದಿಯಲ್ಲಿ ಪೆಚ್ಚಾಗಿ ಕೂತರು.

ಒಂದು ಬೆಳಿಗ್ಗೆ ವಜ್ರಪ್ಪ ನಮ್ಮ ಬೀದಿಗೆ ಬಂದ. ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಟೋಪಿ ಹಿಡಿದುಕೊಂಡಿದ್ದ. ಅವನ ಜೊತೆ ಬಂದ ಗಾಳಿಗೆ ಚಾಪೆಯ ಮೇಲಿನ ಹಪ್ಪಳಗಳೆಲ್ಲ ಎದ್ದು ಪಕ್ಕದ ಮನೆಯ ಅಂಗಳಕ್ಕೆ ಹೋದವು. ಅತ್ತೆ ಬಾಯಿ ತೆರೆದು ಉಸಿರೆಳೆದಳು. ಅವಳ ಮುಖಕ್ಕೆ ಬಣ್ಣ ಬಂತು.

‘ಚೆನ್ನಾಜಿ, ಅವರಿಗೆ ಮಣೆ ಹಾಕೇ. ಕಾಫಿ ಕೊಡು’ ಎಂದಳು.

‘ಈ ಮನೆಹಾಳನಿಗಾ?’

‘ಯಾರಾದ್ರೂ ಆಗ್ಲಿ, ಒಂದು ಗಳಿಗೆ ಕೂರಿಸ್ಕೊ. ಬೇಗ ಕಳಿಸ್ಬೇಡ.’

ಕೂರಿಸಿದೆ. ಕಾಫಿ ಲೋಟದಿಂದ ಹಾರಿ ಅವನ ಅಂಗಿಯ ಮೇಲೆ ಬಿತ್ತು. ಅದು ನನಗೆ ಸಂತೋಷವಾಯಿತು.

‘ಅಮ್ಮ, ನಿಮ್ಮ ಪಾಲು ನಿಮಗೇ ವಾಪಸ್ ಕೊಟ್ಟಿದ್ದೀನಿ. ಎಲ್ಲ ಬೀದಿಯದೂ ಕೊಟ್ಟೆ. ತಗೊಳ್ಳಿ’ ಎಂದ.

‘ಕೊಟ್ಟೆ ಅಂದ್ರೆ ಹೋಗ್ತದಾ? ನೋಡು, ಇನ್ನೂ ನಿನ್ನ ಕಾಲ ಹತ್ರಾನೆ ಸುತ್ತಾಡ್ತಾ ಐತೆ. ಗೆದ್ದಿದ್ದು ಸೋತ್ರೇನೆ ಹೋಗೋದು.’

‘ಸೋಲೋಕೆ ಎಲೆ ನಿಲ್ಲಬೇಕಲ್ಲಮ್ಮ! ಬಯಲಿಗೆ ಹೋಗಿ ಕೂತೆ, ಅಲ್ಲಿಗೂ ಬಂತು. ಗುಂಡಿ ತೋಡಿಸಿ ಅದರೊಳಗೆ ಕೂತೆ. ಎಲೆ ಹಾಕೋನ ಕಣ್ಣಿಗೆಲ್ಲ ಮಣ್ಣು.’

ಅತ್ತೆ ನಕ್ಕಳು. ಅವಳು ನಕ್ಕು ತಿಂಗಳುಗಳಾಗಿದ್ದವು. ನಗುವುದಕ್ಕೂ ಗಾಳಿ ಬೇಕು.

ಉಳಿದದ್ದು ಗಾಡಿ ಓಟ ಒಂದೇ. ವಜ್ರಪ್ಪನ ಬಳಿ ಇದ್ದದ್ದು ಸುಲ್ತಾನ ಎಂಬ ಒಂದೇ ಕುದುರೆ, ಎತ್ತರದ್ದು, ಕರಿಯದು. ಅದರ ಎದುರಿಗೆ ನಮ್ಮ ಹೊನ್ನಿ, ಎಲ್ಲ ಬೀದಿಗಳ ಪರವಾಗಿ. ಅವನ ಪಣ ಊರಿನ ಅಷ್ಟೂ ಗಾಳಿ. ನಮ್ಮ ಪಣ ಹೊನ್ನಿಯೇ. ಬೇರೇನು ಉಳಿದಿತ್ತು? ಹೊನ್ನಿ ಸೋತರೆ ಅದೂ ಅವನದಾಗುತ್ತದೆ, ಊರಿನಲ್ಲಿ ಎದುರಿಗೆ ಓಡಲು ಇನ್ನೊಂದು ಕುದುರೆ ಇರುವುದಿಲ್ಲ, ಗಾಳಿ ಎಂದೆಂದಿಗೂ ಅವನ ಕಾಲ ಬುಡದಲ್ಲೇ ಇರುತ್ತದೆ. ಗೆದ್ದ ಕುದುರೆಯನ್ನೂ ವಾಪಸ್ ಕೊಡಲಾಗುವುದಿಲ್ಲ. ಪಣದ ಓಟದಲ್ಲಿ ಕುದುರೆ ನಡುವೆ ನಿಂತುಬಿಟ್ಟರೆ ಓಟ ರದ್ದು, ಪಣ ಇಟ್ಟವರಿಗೇ ಉಳಿಯುತ್ತದೆ. ಅಂದರೆ ವಜ್ರಪ್ಪ ಓಡಿಯೇ ಸೋಲಬೇಕಿತ್ತು.

ಸುಲ್ತಾನನ ಗಾಡಿ ಹೊಡೆಯುವವನು ದಸ್ತಗೀರಣ್ಣ. ಓಟದ ಬೆಳಿಗ್ಗೆ ಕುದುರೆಗೆ ಬೇಯಿಸಿದ ಹುರುಳಿ ಮಾಮೂಲಿಗಿಂತ ಮೂರರಷ್ಟು ತಿನ್ನಿಸುತ್ತಿದ್ದ.

‘ಹೊಟ್ಟೆ ಭಾರ ಆಗ್ಲಿ ಅಂತ ಅಕ್ಕ’ ಎಂದ. ‘ಆದ್ರೂ ನಂಬಿಕೆ ಇಲ್ಲ. ಮುಂದೆ ಒಂದು ಬಾಲ ಕಂಡ್ರೆ ಇವನಿಗೆ ಆಗಲ್ಲ. ಸೋಲೋದು ಹೆಂಗೆ ಅಂತ ಇವನಿಗೆ ಯಾರೂ ಹೇಳಿಕೊಟ್ಟಿಲ್ಲ.’

‘ನಿನ್ನ ಕುದುರೆ ಏನಾದ್ರೂ ಮಾಡ್ಲಿ. ಕಾಲು ತಪ್ಪಿದ್ರೆ ಬಾವುಟ ಏಳ್ತದೆ.’

‘ಏಳ್ಲಿ, ಅಲ್ಲಾ ಏಳಿಸ್ಲಿ’ ಎಂದು ಅವನು ಕೈಯೆತ್ತಿದ.

ಊರಿಗೆ ಊರೇ ದಂಡೆಯ ಮೇಲೆ ಸೇರಿತು. ವಜ್ರಪ್ಪ ಜನರ ನಡುವೆ ಕೂತರೆ ಎಲ್ಲರ ಪಂಚೆ ಸೀರೆ ಹಾರುತ್ತದೆಂದು ಅವನನ್ನು ನನ್ನ ತಿರುವಿನ ಹತ್ತಿರ ಒಂಟಿಯಾಗಿ ಕೂರಿಸಿದರು. ಅವನಿಂದಾಗಿ ನನ್ನ ಬಾವುಟ ಅದರ ಕೋಲಿಗೆ ಸುತ್ತಿಕೊಂಡು ಪಟಪಟ ಎನ್ನುತ್ತಿತ್ತು. ಮೂರು ಸುತ್ತಿನ ಓಟ. ಮೊದಲ ಸುತ್ತಿನಲ್ಲಿ ಸುಲ್ತಾನ ಮುಂದೆ. ದಸ್ತಗೀರಣ್ಣ ಹಿಂದಕ್ಕೆ ಬಾಗಿ, ಹಲಗೆಯ ಮೇಲೆ ಮಲಗಿದಂತಾಗಿ ಲಗಾಮು ಜಗ್ಗುತ್ತಿದ್ದ. ಎರಡನೆಯ ಸುತ್ತಿನಲ್ಲಿ ಹುರುಳಿ ಕೆಲಸ ಮಾಡಿತು. ಸುಲ್ತಾನನ ಹೊಟ್ಟೆ ಗುಡುಗುಟ್ಟಿದ್ದು ತಿರುವಿನಲ್ಲಿದ್ದ ನನಗೇ ಕೇಳಿಸಿತು. ಹೊನ್ನಿ ಪಕ್ಕಕ್ಕೆ ಬಂತು. ಆಮೇಲೆ ಒಂದು ಮೂತಿಯಷ್ಟು ಮುಂದೆ ಬಂತು. ದಂಡೆಯ ಮೇಲೆ ಜನ ಹುಚ್ಚೆದ್ದು ಕೂಗಿದರು. ವಜ್ರಪ್ಪ ಎಲ್ಲರಿಗಿಂತ ಜೋರಾಗಿ, ‘ಬಾ ಹೊನ್ನೀ, ಬಾ ನನ್ನ ತಾಯೀ’ ಎಂದು ಕೂಗುತ್ತಿದ್ದ.

ಆ ಮುದಿ ಜೀವ ಎಷ್ಟು ವರ್ಷಗಳಿಂದ ತನ್ನ ಮುಂದೆ ಬರೀ ಹಾದಿಯನ್ನು ಕಂಡಿರಲಿಲ್ಲವೋ! ಯಾವಾಗಲೂ ಇನ್ನೊಬ್ಬರ ಚಕ್ರವನ್ನೇ ನೋಡುತ್ತ ಓಡಿದ್ದದ್ದು. ಮೂರನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಸರಿಯಾಗಿ ನನ್ನ ಎದುರಿಗೆ, ಅದಕ್ಕೆ ಖುಷಿ ತಡೆಯಲಾಗಲಿಲ್ಲ. ನಾಲ್ಕೂ ಕಾಲೆತ್ತಿ ನಾಗಾಲೋಟಕ್ಕೆ ಬಿತ್ತು.

ಕ್ಯಾಸಿನೊದ ಮಾಡಿನಿಂದ ಒಂದು ತಗಡು ಕಿತ್ತು ಹಾರಿತು. ನನ್ನ ಕೈ ಬಾವುಟದ ಕೋಲಿನ ಮೇಲಿತ್ತು.

‘ಬೇಡಮ್ಮ! ಎತ್ತಬೇಡ!’ ವಜ್ರಪ್ಪ ನನ್ನ ಕಾಲ ಬಳಿ ಬಂದು ಬಿದ್ದ. ‘ತಗಡು ಹೋಗ್ಲಿ, ಮಾಡೇ ಹೋಗ್ಲಿ! ನಾನು ಕೇಳಲ್ಲ, ಯಾರೂ ಕೇಳಲ್ಲ!’

ದಂಡೆಯಿಂದ ನಮ್ಮ ಬೀದಿಯ ಹೆಂಗಸರು, ‘ಚೆನ್ನಾಜಕ್ಕ, ನಿನ್ನ ಅತ್ತೆ ಮುಖ ನೆನೆಸ್ಕೊಳೇ!’ ಎಂದು ಕೂಗಿದರು. ತೋಪಯ್ಯ ಗಾಡಿಯ ಮೇಲಿಂದ ನನ್ನ ಕಡೆ ತಿರುಗಿ ನೋಡಿದ. ಅತ್ತೆಯ ಮುಖ ನನಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಆದರೆ ಮಾಡಿಲ್ಲದ ಶಾಲೆಯಲ್ಲಿ ಕೂತವಳಿಗೆ, ಒಬ್ಬರಿಗಾಗಿ ಬೇರೆ ಕಡೆ ನೋಡಿದರೆ ಏನಾಗುತ್ತದೆ ಎನ್ನುವುದೂ ನೆನಪಿರುತ್ತದೆ. ಈ ಗಾಳಿ ಗೆದ್ದು ನಮ್ಮ ಬೀದಿಗೆ ಬರುವುದು ಹೀಗೆಯೇ, ನಾಗಾಲೋಟದಲ್ಲೇ. ನಮ್ಮ ಬೀದಿಯ ಮನೆಗಳಿಗಿರುವುದು ನಾಡಹೆಂಚು.

ಬಾವುಟ ಎತ್ತಿದೆ. ‘ಕಾಲು ತಪ್ಪೈತೆ! ಜಗ್ಗಯ್ಯಾ ಲಗಾಮು!’ ಎಂದು ಗಂಟಲು ಹರಿಯುವಂತೆ ಕಿರುಚಿದೆ.

ತೋಪಯ್ಯ ಜಗ್ಗಿದ. ಅಷ್ಟರಲ್ಲಿ ಸುಲ್ತಾನ, ಹೊಟ್ಟೆಯ ಭಾರವನ್ನೆಲ್ಲ ಮರೆತು, ಟಕ್ ಟಕ್ ಎಂದು ಹೊನ್ನಿಯನ್ನು ದಾಟಿ ಹೋಯಿತು. ದಂಡೆಯಿಂದ ನನ್ನ ಮೇಲೆ ಬಂದ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಗೆಲ್ಲುವ ಕಂಬ ಹತ್ತಿರವಾಗುತ್ತಿತ್ತು. ಆಗ ದಸ್ತಗೀರಣ್ಣ ಒಮ್ಮೆ ಹಿಂತಿರುಗಿ ನನ್ನ ಬಾವುಟದ ಕಡೆ ನೋಡಿದ. ಅವನು ಅಲ್ಲಿಯವರೆಗೆ ಕುದುರೆಯನ್ನು ಹಿಡಿಯುವುದರಲ್ಲೇ ಇದ್ದ, ಬಿಡುವುದು ಹೊಳೆದಿರಲಿಲ್ಲ. ಈಗ ಲಗಾಮು ಪೂರ್ತಿ ಸಡಿಲ ಬಿಟ್ಟು, ಎದ್ದು ನಿಂತು, ಗಾಡಿ ಹೊಡೆಯಲು ಶುರುಮಾಡಿದಂದಿನಿಂದ ಒಮ್ಮೆಯೂ ಬಳಸಿರದ ಚಾವಟಿಯನ್ನು ಗಾಳಿಯಲ್ಲಿ ಚಟೀರೆನಿಸಿದ.

ಸುಲ್ತಾನ ನಾಗಾಲೋಟಕ್ಕೆ ಬಿತ್ತು. ಅಂಥ ನಾಗಾಲೋಟವನ್ನು ನಾನು ಹಿಂದೆ ಕಂಡಿರಲಿಲ್ಲ, ಇನ್ನು ಕಾಣುವುದೂ ಇಲ್ಲ.

ಬೇಕೆಂದೇ ತಪ್ಪಿಸಿದ್ದು ಎಂದು ನನಗೆ ಗೊತ್ತಿತ್ತು. ಆದರೆ ಬಾವುಟ ಹಿಡಿದವಳು ನೋಡಬೇಕಾದದ್ದು ಕುದುರೆಯ ಕಾಲು, ಗಾಡಿಯವನ ಮನಸ್ಸಲ್ಲ. ಗಂಡನಿಗೆ ಎತ್ತಿದ ಬಾವುಟವನ್ನೇ ಅವನಿಗೂ ಎತ್ತಿದೆ. ದಸ್ತಗೀರಣ್ಣ ಬಹಳ ವಿಧೇಯನಾಗಿ, ನಿಧಾನವಾಗಿ, ಲಗಾಮು ಹುಡುಕಿಕೊಂಡು ಜಗ್ಗತೊಡಗಿದ. ಆ ಹೊತ್ತಿಗೆ ಗಾಳಿ ಇನ್ನೂ ವಜ್ರಪ್ಪನದೇ ಆಗಿತ್ತು. ಅದು ತನ್ನ ಒಡೆಯನ ಮನೆಗೇ ಹೋಯಿತು. ಕ್ಯಾಸಿನೊದ ಮಾಡು ಒಂದೇ ತುಂಡಾಗಿ, ಪಾತ್ರೆಯ ಮುಚ್ಚಳ ತೆಗೆದಂತೆ ಎದ್ದು, ಒಂದು ಕ್ಷಣ ನಿಂತು, ಆಚೆ ಬಿತ್ತು. ಅದರ ಹಿಂದೆ ಇಸ್ಪೀಟು ಎಲೆಗಳೆಲ್ಲ ಎದ್ದವು. ರಾಜ, ರಾಣಿ, ಗುಲಾಮರೆಲ್ಲ ಆಕಾಶದಲ್ಲಿ. ಜನ ಬಾಯಿ ತೆರೆದು ಮೇಲೆ ನೋಡುತ್ತಿದ್ದಾಗ ಹೊನ್ನಿ, ಯಾರ ಗಮನಕ್ಕೂ ಬಾರದೆ, ಟಕ್ ಟಕ್ ಎಂದು ಕುಕ್ಕುತ್ತ ಬಂದು ಕಂಬ ದಾಟಿತು.

ಗಾಳಿ ನಿಂತಿತು. ನನ್ನ ಕಾಲ ಬಳಿ ವಜ್ರಪ್ಪ ಇನ್ನೂ ಹಾಗೇ ಕೂತಿದ್ದ. ಅವನ ಕೂದಲು ತಲೆಗೆ ಅಂಟಿ ಕೂತದ್ದನ್ನು ನಾನು ನೋಡಿದ್ದು ಆಗಲೇ. ಮೇಲಿಂದ ಒಂದು ಎಲೆ ಬಂದು ಅವನ ಮುಂದೆ ಬಿತ್ತು. ಅದು ಹಾರಿಹೋದೀತೆಂದು ಗಬಕ್ಕನೆ ಅಂಗೈ ಇಟ್ಟ. ಆಮೇಲೆ ಹೆದರಿ ಹೆದರಿ ಒಂದೊಂದೇ ಬೆರಳು ತೆಗೆದ. ಎಲೆ ಕದಲಲಿಲ್ಲ. ಅವನು ಅಳತೊಡಗಿದ. ಊರು ಬಿಟ್ಟು ಹೋಗುತ್ತಾನೆ ಎಂದುಕೊಂಡಿದ್ದೆ, ಹೋಗಲಿಲ್ಲ. ನಾನು ಮೊದಲಿಗೆ ಹೇಳಿದ ಟೀ ಅಂಗಡಿಯವನು ಅವನೇ. ಅವನು ಹೇಳುವ ಕಥೆಯಲ್ಲಿ ಊರಿಗೆ ಗಾಳಿ ದಾನ ಮಾಡಿದ ಮಹಾನುಭಾವ ಯಾರೆಂದು ನೀವೇ ಊಹಿಸಿಕೊಳ್ಳಿ. ಮಾಡಿಲ್ಲದ ಅವನ ಕಟ್ಟಡದಲ್ಲಿ ಈಗ ನಾವು ಹಪ್ಪಳ ಒಣಗಿಸುತ್ತೇವೆ. ಹಸಿರು ಮೇಜುಗಳು ಅದಕ್ಕೆ ಬಹಳ ಅನುಕೂಲ.

ತೋಪಯ್ಯ ಗಾಡಿ ಇಳಿದು ಬಂದ. ‘ನನ್ನ ಮೇಲೇ ಎತ್ತಿಬಿಟ್ಟೆಯಲ್ಲೇ’ ಎಂದ.

‘ನಿನ್ನ ಮೇಲಲ್ಲ, ಹೊನ್ನಿ ಕಾಲಿನ ಮೇಲೆ. ಈಗ ನಡಿ. ಲಟ್ಟಣಿಗೆ ಮನೇಲಿ ಹಂಗೇ ಐತೆ.’

ನಾವು ಬೀದಿಗೆ ಬಂದಾಗ ಗಾಳಿ ನಮಗಿಂತ ಸ್ವಲ್ಪ ಹಿಂದಿತ್ತು. ಎಲ್ಲರೂ ಕೆರೆಯಂಗಳಕ್ಕೆ ಹೋಗಿದ್ದರಿಂದ ಬೀದಿ ಖಾಲಿ. ನಮ್ಮ ಮನೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಬಾಗಿಲ ಹಿಂದೆ ಅತ್ತೆಯ ಉಬ್ಬಸದ ಸಿಳ್ಳು ಕೇಳಿಸುತ್ತಿತ್ತು. ಮಾಡು ಬಿದ್ದ ಸದ್ದು ಅವಳಿಗೂ ಕೇಳಿಸಿತ್ತು. ಅಗುಳಿ ಹಾಕಿಕೊಂಡಿದ್ದಳು.

‘ಯಾರು ಗೆದ್ದಿದ್ದು?’ ಎಂದು ಒಳಗಿನಿಂದ ಕೇಳಿದಳು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು.

‘ಹೊನ್ನಿ, ಅತ್ತೆ.’

ಆದರೂ ಅವಳು ಬಾಗಿಲು ತೆಗೆಯಲಿಲ್ಲ.

‘ಕುಕ್ಕೋ, ನಾಗಾಲೋ?’

ನಾನು ತೋಪಯ್ಯನ ಮುಖ ನೋಡಿದೆ. ಅವನು ನೆಲ ನೋಡಿಕೊಂಡು, ‘ಕುಕ್ಕು ಕಣವ್ವ’ ಎಂದ.

ಅಗುಳಿ ಸರಿಯಿತು. ಅತ್ತೆ ಬಾಗಿಲಿನ ಎರಡೂ ರೆಕ್ಕೆಗಳನ್ನು ಗೋಡೆಗೆ ಬಡಿಯುವಂತೆ ಪೂರ್ತಿ ತೆಗೆದಳು.